ದೊಡ್ಡ ದೇಶದಲ್ಲಿ ಒಸಿ ಜಾಗ

ರಾಮನಗರದಲ್ಲಿ ಬಸ್ಸಿಳಿದರೆ ಸಾಕು, ರೇಷ್ಮೆಗೂಡು ಬೇಯುವ ವಾಸನೆ ಇವತ್ತಿಗೂ ನನ್ನನ್ನು ಹಳೆಯ ಶಾಲೆಯ ವೇದಿಕೆಗೆ ಎಳೆದೊಯ್ಯುತ್ತದೆ.

ಅಂದು ‘ನಮ್ಮ ದೇಶ’ ಎಂಬ ರೂಪಕ. ಒಂದೊಂದು ಮಗು ಒಂದೊಂದು ರಾಜ್ಯದ ವೇಷ ಹಾಕಿ ಅಲ್ಲಿಯ ಊಟ, ಮಾತು, ಹಬ್ಬದ ಬಗ್ಗೆ ಹೇಳಬೇಕು. ನಾನು ಅಸ್ಸಾಂ. ಅವ್ವ ನೂಲು ತೆಗೆಯುವ ಕೆಲಸಕ್ಕೆ ರಜೆ ಹಾಕಿ, ಬಿಸಿನೀರಿನಲ್ಲಿ ಬೆಂದು ಒರಟಾದ ಬೆರಳುಗಳಿಂದ ನನ್ನ ತಲೆಗೆ ಸೀಗೆಪುಡಿ ತಿಕ್ಕಿ ತಿಕ್ಕಿ ತೊಳೆದಿದ್ದಳು.

ಪರದೆ ಸರಿಯುವ ಮೊದಲು ಟೀಚರ್ ಮೂಗಿಗೆ ಸೆರಗು ಹಿಡಿದರು. “ಇವಳ್ಯಾಕೆ ಹಿಂಗೆ ಗೂಡಿನ ವಾಸ್ನೆ ಹೊಡೀತಾಳೆ? ಕೆಳಗಿಳಿಸಿ ಅವಳನ್ನ.”

ಅಸ್ಸಾಂ ಇಲ್ಲದೆಯೇ ದೇಶ ಕೈಕೈ ಹಿಡಿದು ನಿಂತಿತು. ಜನ ಚಪ್ಪಾಳೆ ತಟ್ಟಿದರು.

ಮನೆಯ ದಾರಿಯಲ್ಲಿ ಅವ್ವ ಕೇಳಿದಳು, “ಅಷ್ಟು ದೊಡ್ಡ ದೇಸ್ದಲ್ಲಿ ನಿಂಗೆ ಒಸಿ ಜಾಗ ಇರ್ಲಿಲ್ವೇನವ್ವ?”

ಬರುವ ಭಾನುವಾರ ಆ ಟೀಚರಿಗೆ ಬೀಳ್ಕೊಡುಗೆ. ಕನ್ನಡ ಎಂ.ಎ. ಮಾಡಿದವಳೆಂದು ಶಾಲೆಯವರು ಅಭಿನಂದನೆಯ ಮಾತು ನನಗೇ ಒಪ್ಪಿಸಿದ್ದಾರೆ. “ಎಲ್ಲಾ ಮಕ್ಕಳನ್ನೂ ಒಂದೇ ಥರ ನೋಡ್ಕೊಂಡ್ರು ಅಂತ ಬರಿಯಮ್ಮ,” ಎಂದು ಟೀಚರೇ ಫೋನು ಮಾಡಿದ್ದರು.

ಬರೆದಾಯಿತು. ನೀವೀಗ ಓದಿದ್ದು ಅದನ್ನೇ. ಭಾನುವಾರ ಮೈಕಿನ ಮುಂದೆ ಓದುವುದೂ ಇದನ್ನೇ. ಅವ್ವನಿಗೆ ಮೊದಲ ಸಾಲಿನಲ್ಲೇ ಕುರ್ಚಿ ಹಾಕಿಸಿದ್ದೇನೆ.