ಓವರ್ ರೀ

ಅರವತ್ತರ ದಶಕದ ಮೊದಲಲ್ಲಿ ನಾನು ದಾಂಡೇಲಿಯಲ್ಲಿ ಶಾಲಾ ಶಿಕ್ಷಕಿಯಾಗಿದ್ದಾಗ, ಪಕ್ಕದ ಮನೆಗೆ ನೌಕಾಪಡೆಯ ನಾವಿಕನೊಬ್ಬ ರಜೆಯ ಮೇಲೆ ಬಂದಿದ್ದ. ಹಡಗಿನ ಮೇಲೆ ವಿಮಾನಗಳನ್ನು ನೂಕಿ ನಿಲ್ಲಿಸುವುದು ಅವನ ಕೆಲಸ. ವೈರ್‌ಲೆಸ್ ಪರೀಕ್ಷೆ ಪಾಸಾದರೆ ಅದೇ ವಿಮಾನದೊಳಗೆ ಕುಳಿತು ಹಾರಬಹುದಿತ್ತು. ಆದರೆ ಎರಡು ಸಲ ಫೇಲಾಗಿದ್ದ. ಕಾರಣ ಕೇಳಿ ನಾನು ನಕ್ಕೆ, ಅವನು ನಗಲಿಲ್ಲ. ವೈರ್‌ಲೆಸ್‌ನಲ್ಲಿ ತನ್ನ ಮಾತು ಮುಗಿಯಿತೆಂದು ತಿಳಿಸಲು ಬರೀ ‘ಓವರ್’ ಎನ್ನಬೇಕು; ಪ್ರತಿ ಮಾತಿನ ಕೊನೆಗೂ ಅವನು ‘ಓವರ್ ರೀ’ ಎಂದುಬಿಡುತ್ತಿದ್ದ.

ನೌಕರಿಯ ಅವಧಿ ಮುಗಿಯುತ್ತ ಬಂದಿತ್ತು, ಪರೀಕ್ಷೆಗೆ ಉಳಿದಿದ್ದು ಒಂದೇ ಅವಕಾಶ; ಪಾಸಾದರೆ ನೌಕರಿಯೂ ಮುಂದುವರಿಯುತ್ತಿತ್ತು. ದಿನಾ ಸಂಜೆ ನಮ್ಮ ಕಟ್ಟೆಗೆ ಬಂದು, ಒಂದು ಕಿವಿಯನ್ನು ಅಂಗೈಯಿಂದ ಒತ್ತಿ ಹಿಡಿದು ಕೂರುತ್ತಿದ್ದ. ವಿಮಾನದ ಸದ್ದಿನಲ್ಲಿ ಹಾಗೆಯೇ ಕೇಳಬೇಕಂತೆ. ನಾನು ಇಂಗ್ಲಿಷ್ ವಾಕ್ಯ ಓದಬೇಕು, ಅವನು ಅದನ್ನೇ ತಿರುಗಿ ಹೇಳಿ ‘ಓವರ್’ ಎನ್ನಬೇಕು. ‘ರೀ’ ನುಸುಳಿತೋ, ತೊಡೆಗೆ ಬಡಿದುಕೊಂಡು, “ಇನ್ನೊಮ್ಮೆ ಹೇಳ್ರಿ, ಅಕ್ಕಾರ” ಎನ್ನುತ್ತಿದ್ದ.

ಒಂದು ಸಂಜೆ, ಕಾಗದ ಕಾರ್ಖಾನೆಯ ಬಿದಿರು ಯಾರ್ಡಿನಲ್ಲಿ ಕೂಲಿಯಾಳುಗಳ ಮೇಲ್ವಿಚಾರಣೆ ನೋಡುವ ಮುಕಾದಮರು ನಮ್ಮ ಕಟ್ಟೆಗೇ ಬಂದರು. ಅವನಿಗೊಂದು ಕೆಲಸ ಕೊಡಿರೆಂದು ಅವನ ಅವ್ವ ಅವರ ಕಾಲು ಹಿಡಿದಿದ್ದಳು.

“ನೌಕರಿ ಮುಗಿಸಿ ನಮ್ಮ ಯಾರ್ಡಿಗೆ ಬರ್ತೀಯಲ್ಲೋ?” ಎಂದು ಕೇಳಿದರು.

“ಇಲ್ಲ.”

ಆ ಹಿರಿಯರೆದುರು ಅವನು ಅಲ್ಲಿಯವರೆಗೆ ‘ಇಲ್ರಿ’ ಅಂದವನೇ ಹೊರತು ‘ಇಲ್ಲ’ ಅಂದವನಲ್ಲ. ಅವನ ಅವ್ವ ಪಕ್ಕದ ಮನೆಯ ಬಾಗಿಲಲ್ಲೇ ಬಾಯಿಗೆ ಸೆರಗು ಒತ್ತಿಕೊಂಡಳು.

“ಹಡಗಿನ್ಯಾಗ ಇದನ್ನ ಕಲಿಸ್ಯಾರೇನು?” ಎಂದು ಮುಕಾದಮರು ಛತ್ರಿ ಊರುತ್ತ ಹೊರಟೇಹೋದರು.

ಅವನ ಮುಖ ಬೆವತಿತ್ತು. ಕಿವಿಯ ಮೇಲಿನ ಕೈ ಮಾತ್ರ ಅಲುಗಿರಲಿಲ್ಲ.

“ರೀ ಬರ್ಲಿಲ್ಲ, ಕೇಳಿದ್ರಿಲ್ಲೋ?” ಎಂದ. “ಇನ್ನೊಮ್ಮೆ ಹೇಳ್ರಿ, ಅಕ್ಕಾರ.”