ಬಿಳಿ ಅಂಗಿಯ ಬಸವಲಿಂಗಮ್ಮ

ಜಪಾನಿನ ಶಿಕೊಕು ದ್ವೀಪದಲ್ಲಿ ಬಸ್ಸಿನಿಂದ ಇಳಿದ ಕೂಡಲೇ ಶಿವಕಿರಣ್ ಮಾಡಿದ ಮೊದಲ ಘನಕಾರ್ಯವೆಂದರೆ, ಗಟ್ಟಿಮುಟ್ಟಾಗಿ ಬದುಕಿದ್ದ ಹನ್ನೊಂದು ಜನರಿಗೆ ಸಂತಾಪ ಸೂಚಿಸಿದ್ದು. ಬಿಳಿ ಅಂಗಿ ತೊಟ್ಟು, ಕೋಲು ಊರಿ, ಗಂಟೆ ಅಲ್ಲಾಡಿಸುತ್ತ ಬರುತ್ತಿದ್ದ ಸಾಲನ್ನು ಅವನು ಶವಯಾತ್ರೆ ಎಂದುಕೊಂಡ. ಶೂ ಕಳಚಿ, ಕೈಕಟ್ಟಿ, ತಲೆ ತಗ್ಗಿಸಿ ನಿಂತ. ಅವರೂ ಬಗ್ಗಿ ವಂದಿಸಿ ಮುಂದೆ ಹೋದರು. ಎಂಬತ್ತೆಂಟು ದೇವಾಲಯ ಸುತ್ತುವ ಯಾತ್ರಿಕರು ಅವರು ಎಂದು ಅಲ್ಲಿನ ಗೈಡ್ ನಗು ತಡೆದುಕೊಂಡು ಹೇಳಿದಳು. ಹಿಂದೆ ದಾರಿಯಲ್ಲೇ ಸಾಯುವವರು ಬಹಳವಂತೆ. ಹಾಗಾಗಿ ಹೆಣಕ್ಕೆ ತೊಡಿಸುವ ಬಿಳಿ ಬಟ್ಟೆಯನ್ನು ಮೊದಲೇ ತೊಟ್ಟು ಹೊರಡುವುದು ಪದ್ಧತಿ.

ಬೆಂಗಳೂರಿನಿಂದ ಹದಿನಾಲ್ಕು ಜನರನ್ನು ಕರೆತಂದಿದ್ದ, ಬನಶಂಕರಿಯ ಪುಟ್ಟ ಕಂಪನಿಯೊಂದರ ಈ ಟೂರ್ ಮ್ಯಾನೇಜರನ ಜ್ಞಾನ ಇಷ್ಟಿತ್ತು.

"ಹಂಗಾದ್ರೆ ನೀನು ಅರ್ಧ ಸರಿ ಬಿಡು," ಎಂದ ಗುಂಪಿನ ಬಸವಲಿಂಗಮ್ಮ, ಅಲ್ಲೇ ಒಂದು ಬಿಳಿ ಅಂಗಿ ಕೊಂಡು ಸೀರೆಯ ಮೇಲೆ ತೊಟ್ಟರು.

ಜರಗನಹಳ್ಳಿಯ ಬಸವಲಿಂಗಮ್ಮನಿಗೆ ಅರವತ್ತೆರಡು. ಕನಕಪುರ ರಸ್ತೆಯ ಬಸ್ಸುಗಳಲ್ಲಿ ಇಪ್ಪತ್ತೇಳು ವರ್ಷ ಕಂಡಕ್ಟರ್ ಆಗಿದ್ದವರು. "ಹೋದ ರೋಡಲ್ಲೇ ವಾಪಸ್ ಬಂದು ಬಂದು ಸಾಕಾಗಿದೆ ಕಣಪ್ಪ. ಸುತ್ತು ಹೊಡ್ಕೊಂಡು ಬರೋ ರೂಟು ಒಂದ್ಸಲ ನೋಡ್ಬೇಕು," ಎಂದು ಹೊರಟಿದ್ದರು. ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ. ಲಿಂಗಪೂಜೆ ಆಗದೆ ತುತ್ತು ಮುಟ್ಟುವವರಲ್ಲ. ವಿಮಾನ ನಿಲ್ದಾಣದಲ್ಲಿ ಮಗಳು ಪ್ರೇರಣಾ, "ನಂಗೆ ಅಂತ ಇರೋದು ಅಮ್ಮ ಒಬ್ರೇ ಸಾರ್," ಎಂದಿದ್ದಳು. 'ಸಾರ್' ಎನಿಸಿಕೊಂಡ ಸಂಭ್ರಮದಲ್ಲಿ ಶಿವಕಿರಣ್ ಉಳಿದದ್ದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಮೂರನೆಯ ದಿನ ಬೆಟ್ಟದ ಮೇಲಿನ ದೇವಾಲಯ. ಬೆಳಗ್ಗೆ ಐದೂವರೆಗೇ ಬಸ್ಸು. ಬಸವಲಿಂಗಮ್ಮ ಪೂಜೆಗೆ ಹತ್ತು ನಿಮಿಷ ಕೇಳಿದರೆ, "ಬಸ್ಸಲ್ಲೇ ಮಾಡ್ಕೊಳ್ಳಿ ಆಂಟಿ, ಲೇಟಾಗುತ್ತೆ," ಎಂದುಬಿಟ್ಟ. ಅವನೂ ಲಿಂಗ ಕಟ್ಟಿಸಿಕೊಂಡವನೇ. ಆದರೆ ಅವನ ಕರಡಿಗೆ ಚಿಕ್ಕಲಸಂದ್ರದ ಮನೆಯ ಬೀರುವಿನಲ್ಲಿ, ಹಳೆಯ ಸ್ವೆಟರುಗಳ ಕೆಳಗಿತ್ತು.

ಸಂಜೆ ನಾಲ್ಕೂವರೆಗೆ ರೋಪ್‌ವೇ ಬಳಿ ತಲೆ ಎಣಿಸಿದ. ಹದಿಮೂರು. ಮತ್ತೆ ಎಣಿಸಿದ. ಹದಿಮೂರೇ. ಬಸವಲಿಂಗಮ್ಮ ಇಲ್ಲ. ಕೊನೆಯ ರೋಪ್‌ವೇ ಐದಕ್ಕೆ.

"ಬೆಳಗ್ಗೆಯಿಂದ ಅವ್ರು ಏನೂ ತಿಂದಿಲ್ಲಪ್ಪ," ಎಂದರು ಗುಂಪಿನಲ್ಲಿದ್ದ ಗಿರಿನಗರದ ಸತ್ಯಭಾಮಾ. "ಯಾರೋ ಅಜ್ಜಿ ಯಾತ್ರಿಕರಿಗೆ ಅಂತ ಕಿತ್ತಳೆ ಕೊಟ್ರೆ ಅದನ್ನೂ ಬ್ಯಾಗಿಗೆ ಹಾಕ್ಕೊಂಡ್ರು. ಶುಗರ್ ಬೇರೆ ಇದೆ. ಫಾರಮ್ಮಲ್ಲಿ ಬರ್ದಿದ್ರಲ್ಲ, ನೋಡಿಲ್ವ ನೀನು?"

ಅವನು ಫಾರಂ ತುಂಬಿಸಿಕೊಂಡಿದ್ದ. ಓದಿರಲಿಲ್ಲ.

ಬಂದ ಕಾಲುದಾರಿಯಲ್ಲೇ ಹಿಂದಕ್ಕೆ ಓಡಿದ. ಮಂಜು ಇಳಿದಿತ್ತು. ಎಡಕ್ಕೆ ಇಳಿಜಾರು, ಬಲಕ್ಕೆ ಕೆಂಪು ಬಟ್ಟೆ ಕಟ್ಟಿದ ಪುಟ್ಟ ಕಲ್ಲಿನ ವಿಗ್ರಹಗಳು, ನೂರಾರು. ಎಲ್ಲವೂ ಅವನನ್ನೇ ನೋಡುತ್ತಿದ್ದಂತೆ ಕಂಡವು. "ಆಂಟೀ!" ಎಂದು ಕೂಗಿದ. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರಿಗೆ ಕೇಳುವಂತೆ ಕೂಗಿ ಬದುಕಿದ ಹೆಂಗಸು; ಒಂದು ಓ ಕೂಡ ಇಲ್ಲ. ಪ್ರೇರಣಾಗೆ ಫೋನಿನಲ್ಲಿ ಮೊದಲು ಯಾವ ಮಾತು ಹೇಳುವುದೆಂದು ಅವನ ತಲೆ ತಾನಾಗಿಯೇ ಹುಡುಕತೊಡಗಿತ್ತು.

ದಾರಿಯ ತಿರುವಿನಲ್ಲಿ ಯಾತ್ರಿಕರ ಮರದ ಗುಡಿಸಲು. ಒಳಗೆ ಬಿಳಿ ಅಂಗಿ.

ಬಸವಲಿಂಗಮ್ಮ ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಎದೆಯ ಮಟ್ಟಕ್ಕೆ ಎಡ ಅಂಗೈ, ಅದರ ಮೇಲೆ ಲಿಂಗ. ಎವೆಯಿಕ್ಕದ ಕಣ್ಣು.

"ಆಂಟಿ."

ಅಲುಗಾಟವಿಲ್ಲ. ಅವನ ತಾತ ಪರಮಶಿವಯ್ಯನವರನ್ನೂ ಹೀಗೇ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದ್ದರು. ಅವನು ಅವರ ಮುಂದೆ ಕೂತ. "ಅಮ್ಮಾ," ಎಂದ.

ಎಷ್ಟೋ ಹೊತ್ತಿನ ಮೇಲೆ ಅವರ ತುಟಿ ಅಲುಗಿತು. ಲಿಂಗವನ್ನು ಕಣ್ಣಿಗೊತ್ತಿ ಕರಡಿಗೆಗೆ ಸೇರಿಸಿದರು. ಬ್ಯಾಗಿನಿಂದ ಕಿತ್ತಳೆ ತೆಗೆದು ಸುಲಿದರು.

"ಪೂಜೆ ಮಧ್ಯ ಹಂಗ್ ಬಡ್ಕೋತಾರೇನೋ? ತಗೋ, ತಿನ್ನು."

ಒಂದು ತೊಳೆ ಅವನ ಕೈಗಿಟ್ಟು, ಉಳಿದದ್ದನ್ನು ತಾವು ತಿಂದರು.

ಅವರ ತೋಳು ಹಿಡಿದು ರೋಪ್‌ವೇ ಕಡೆ ನಡೆಸುತ್ತ, ಕೇಳಬಾರದೆಂದುಕೊಂಡದ್ದನ್ನೇ ಕೇಳಿದ: "ಇಲ್ಲೇ ಏನಾದ್ರೂ ಆಗೋಗಿದ್ರೆ ನಾನೇನ್ ಮಾಡ್ಬೇಕಿತ್ತಮ್ಮ?"

"ಕೂರ್ಸಿ ಹೂಳ್ಬೇಕಿತ್ತು. ಇಲ್ಲಿ ಸುಡ್ತಾರಂತೆ, ಮೊನ್ನೇನೇ ಆ ಗೈಡ್‌ನ ಕೇಳಿದೀನಿ. ನೀನು ಒಪ್ಕೋಬೇಡ."