ಕ್ಲಚ್ ಪೆಡಲ್ ಇಲ್ಲದ ಕಾರು

೧೯೭೧ರಲ್ಲಿ, ಏಳನೇ ಕ್ಲಾಸಿಗೆ ಓದು ನಿಲ್ಲಿಸಿ ಮಧುಗಿರಿಯ ಲಾರಿ ಶೆಡ್ಡೊಂದಕ್ಕೆ ಸೇರಿದೆ. ಹತ್ತು ವರ್ಷ ಇನ್ನೊಬ್ಬರ ಸ್ಪ್ಯಾನರ್ ಹಿಡಿದೆ. ಕೆಲಸಕ್ಕೆ ನಾನು ಯಾರಿಗೂ ಕಡಿಮೆ ಇರಲಿಲ್ಲ. ಸ್ವಂತ ಶೆಡ್ಡಿಗೆ ಜಾಗ ಇರಲಿಲ್ಲ, ಅಷ್ಟೇ. ಜಾಗ ಇದ್ದದ್ದು ಕಡಲೆಕಾಯಿ ಮಂಡಿ ಸಾಹುಕಾರರ ಹತ್ತಿರ. ಅವರು ಆಗಷ್ಟೇ ಬೆಂಗಳೂರಿನಿಂದ ಒಂದು ಹಳೆಯ ವಿದೇಶಿ ಕಾರು ತಂದಿದ್ದರು. ಗೇರ್ ಹಾಕಿದರೆ ಕರಕರ ಹಲ್ಲು ಕಡಿಯುತ್ತಿತ್ತು.

"ಇದನ್ನ ಸರಿ ಮಾಡು ಕಣ್ಲಾ, ಮಂಡಿ ಪಕ್ಕದ ಜಾಗ ಬಾಡಿಗೆಗೆ ನಿಂಗೇ. ಆಗ್ಲಿಲ್ಲ ಅಂದ್ರೆ ಅಲ್ಲಿ ಮೇಕೆ ಕಟ್ತೀನಿ," ಅಂದರು.

ಆ ಕಾರಿಗೆ ಕ್ಲಚ್ ಪೆಡಲ್ಲೇ ಇಲ್ಲ. ಗೇರ್ ರಾಡನ್ನು ಕೊಂಚ ಅಲುಗಿಸಿದರೆ ಸಾಕು, ಒಳಗಿನ ಸ್ವಿಚ್ಚು ಕೂಡಿಕೊಂಡು, ಇಂಜಿನ್ ಗಾಳಿ ಎಳೆಯುವ ಬಲದಿಂದ ಕ್ಲಚ್ಚು ತಾನಾಗಿಯೇ ಬಿಡುತ್ತದೆ, ಇಂಜಿನ್ನಿನ ಬಲ ಚಕ್ರಕ್ಕೆ ಹೋಗುವುದಿಲ್ಲ. ಕೈ ತೆಗೆದರೆ ಮತ್ತೆ ಹಿಡಿಯುತ್ತದೆ. ಹಲ್ಲು ಕಡಿಯುತ್ತಿದೆ ಎಂದರೆ ಕ್ಲಚ್ಚು ಪೂರ್ತಿ ಬಿಡುತ್ತಿಲ್ಲ, ಆ ಎಳೆತ ಎಲ್ಲೋ ಸೋರುತ್ತಿದೆ. ಸೈಕಲ್ ಟ್ಯೂಬಿನ ತುಂಡೊಂದನ್ನು ಕಿವಿಗಿಟ್ಟು, ಇನ್ನೊಂದು ತುದಿಯನ್ನು ಪೈಪುಗಳ ಮೇಲೆ ಆಡಿಸಿದೆ. ಒಂದು ಕಡೆ ಉಸ್ಸೆಂದಿತು, ರಬ್ಬರ್ ಸೀಳಿತ್ತು. ನೀರಿನ ಪೈಪು ಹಾಕಿ ನೋಡಿದೆ, ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿತು. ಕೊನೆಗೆ ಶಿರಾಕ್ಕೆ ಹೋಗಿ ಲಾರಿ ಬ್ರೇಕಿನ ದಪ್ಪ ಪೈಪು ತಂದು ಹಾಕಿದೆ. ಗೇರು ಸದ್ದಿಲ್ಲದೆ ಬಿತ್ತು.

ಶುಕ್ರವಾರ ಸಾಹುಕಾರರು ತಮ್ಮ ತಾಯಿಯನ್ನೂ ನನ್ನನ್ನೂ ಕೂರಿಸಿಕೊಂಡು ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಸ್ಥಾನಕ್ಕೆ ಹೊರಟರು. ಹೋಗುವಾಗ ಒಂದು ತಕರಾರೂ ಇಲ್ಲ. ದೇವಸ್ಥಾನದ ಮುಂದೆ ಕಾರಿಗೆ ಪೂಜೆಯಾಯಿತು. ಪೂಜೆಯ ಕಾಯನ್ನು ಅವ್ವ ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಉರುಳಿ ಯಾರ ಕಾಲಿಗೂ ತಾಗಬಾರದೆಂದು ಗೇರ್ ರಾಡಿಗೆ ಬಿಗಿದರು. ನಾವೆಲ್ಲ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಹೊರಟೆವು.

ಕೊರಟಗೆರೆ ದಾಟಿ ಏರು ಸಿಕ್ಕಿದ್ದೇ ತಡ, ಇಂಜಿನ್ ಹುಯ್ಯೆಂದು ಕೂಗಿತು. ಕಾರು ಮಾತ್ರ ಮುಂದಕ್ಕೆ ಹೋಗಲಿಲ್ಲ.

"ಲಾರಿ ಪೈಪು ಹಾಕಿ ನನ್ನ ಕಾರ್ನ ಕೆಡಿಸ್ಬುಟ್ಯಲ್ಲೋ! ಮೇಕೆ ಕಟ್ಟೋದೇ ವಾಸಿ ಕಣ್ಲಾ."

ಇಳಿದು ನೋಡಿದೆ, ಪೈಪು ಗಟ್ಟಿಯಾಗಿಯೇ ಇತ್ತು. ಸೋರಿದ್ದರೆ ಕ್ಲಚ್ಚು ಬಿಡಬಾರದಿತ್ತು. ಇದು ಉಲ್ಟಾ, ಯಾರೂ ರಾಡು ಮುಟ್ಟದೆಯೇ ಬಿಡುತ್ತಿದೆ.

"ನಿಧಾನಕ್ಕೆ ಓಡ್ಸಿ ಸಾವ್ಕಾರ್ರೇ," ಎಂದು ರಾಡನ್ನೇ ನೋಡುತ್ತ ಕೂತೆ. ಗುಂಡಿ ಬಂತು. ಗಂಟು ತೂಗಿ ರಾಡನ್ನು ಹಿಂದಕ್ಕೆ ಜಗ್ಗಿತು. ಇಂಜಿನ್ ಕೂಗಿತು.

"ಅವ್ವಾ, ಆ ಕಾಯಿನ ಮಡ್ಲಾಗೆ ಇಟ್ಕೊಳ್ಳಿ."

"ಯಾಕ್ಲಾ? ಗಾಡಿಗೆ ಅಂತ ಪೂಜೆ ಮಾಡ್ಸಿದ್ದು."

"ಅದು ರಾಡ್ನ ಎಳೀತದೆ ಕಣವ್ವ. ಗೇರ್ ಹಾಕಾಕೆ ಯಾರೋ ಕೈ ಇಟ್ರು ಅಂತ ಕಾರು ತಿಳ್ಕೊಂತದೆ."

ಅವ್ವ ಗಂಟು ಬಿಚ್ಚಿ ಮಡಿಲಿಗಿಟ್ಟುಕೊಂಡರು. ಕಾರು ಏರು ಹತ್ತಿತು.

"ಮಾಲಕ್ಷ್ಮಿ ತಾನೇ ಓಡ್ಸಾಕೆ ಬಂದ್ರೆ ಇಬ್ರೂ ಸೇರಿ ಇಳಿಸ್ಬುಟ್ರಲ್ರೋ," ಎಂದು ಅವ್ವ ನಕ್ಕರು.

ಸಾಹುಕಾರರು ಮಧುಗಿರಿಗೆ ಬಂದು ಮಂಡಿ ಮುಂದೆ ನಿಲ್ಲಿಸಿ, "ನಾಳೆ ಬಂದು ಗೂಟ ಹೊಡ್ಕೊ. ಮೇಕೆ ಗೂಟ ಅಲ್ಲ ಕಣ್ಲಾ, ಶೆಡ್ಡಿಂದು," ಅಂದರು.

ಈಗ ಮಂಡಿ ಪಕ್ಕ ಒಂದು, ಪಾವಗಡದಲ್ಲಿ ಒಂದು, ಒಟ್ಟು ಎರಡು ಶೆಡ್ಡು. ಹೆಂಚಿನ ಮನೆ ಒಂದು. ಮೋಟಾರ್ ಸೈಕಲ್ ಒಂದು. ಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳು ಇಬ್ಬರು.